ಗ್ಯಾರೇಜಿನಲ್ಲಿದ್ದ ದೋಣಿ

ಮೇಷ್ಟ್ರೇ,

ಹೀಗೆ ನಿಮ್ಮನ್ನು ಮೊದಲ ಸಲ ಕರೆದ ದಿನ ನೀವು ಕಾರಿನಲ್ಲಿ ನನ್ನ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಿರಿ. ಕಲಿಸುವವರನ್ನು ನಮ್ಮ ಕಡೆ ಹೀಗೆ ಕರೆಯುತ್ತೇವೆ ಎಂದೆ. ನಿಮ್ಮ ಊರಿನ ಶಾಲೆಯಲ್ಲೂ ಹೆಚ್ಚು ಕಡಿಮೆ ಇದೇ ಪದವಿತ್ತು ಎಂದು ನೀವು ನಕ್ಕಿರಿ. "ಆದರೆ ಅವನ ಕೈಯಲ್ಲಿ ಬೆತ್ತ ಇರ್ತಿತ್ತು, ನನ್ನ ಕೈಯಲ್ಲಿ ಕಿತ್ತಳೆ ಇದೆ. ಪರವಾಗಿಲ್ಲ, ಕರಿ." ಆಮೇಲೆ ನಿಮ್ಮ ಹೆಸರು ಹಿಡಿದು ನಾನು ಕರೆದದ್ದೇ ಇಲ್ಲ. ಯೋರಿಸ್ ಎಂದು ಹೇಳಲು ನನ್ನ ನಾಲಗೆಗೆ ಕಷ್ಟವಾಗುತ್ತಿತ್ತು ಎನ್ನುವುದೂ ಒಂದು ಕಾರಣ.

ನಿಮಗೆ ಓದಲು ಬಾರದ ಭಾಷೆಯಲ್ಲಿ ಯಾಕೆ ಬರೆಯುತ್ತಿದ್ದೇನೆ? ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ನಿಮಗೆ ನಾನು ಹೇಳಿದ ಸುಳ್ಳುಗಳೆಲ್ಲ ಆ ಭಾಷೆಯಲ್ಲೇ ಇವೆ. ಒಟ್ಟು ಮೂರು. ಮೊದಲ ಎರಡನ್ನು ನೀವು ಬದುಕಿದ್ದಾಗಲೇ ಸರಿಮಾಡಬಹುದಿತ್ತು. ಮೂರನೆಯದನ್ನು ನಂಬಿಕೊಂಡೇ ನೀವು ಹೋದಿರಿ. ಕಳೆದ ತಿಂಗಳು ಮೆಲ್ಬರ್ನಿಗೆ ಹೋಗಿ ನಿಮ್ಮ ಮಗಳಿಗೆ ಎಲ್ಲವನ್ನೂ ಹೇಳಿ ಬಂದೆ. ನಿಮಗೆ ಹೇಳುವುದು ಬಾಕಿ ಇದೆ.

ನೀವು ಲೈಬ್ರರಿಯ ಕೌಂಟರಿನ ಮುಂದೆ ನಿಂತ ಆ ಬುಧವಾರ ನೆನಪಿದೆ. ನಾನು ವಾಪಸ್ಸು ಬಂದ ಪುಸ್ತಕಗಳನ್ನು ಜೋಡಿಸುವ ನಡುವೆ ಒಂದು ಡಚ್ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಕದ್ದು ಓದುತ್ತಿದ್ದೆ. ಹಾಸನದಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಿಂದ ನಾನು ಅನುವಾದಗಳನ್ನೇ ಹೆಚ್ಚು ಓದುವವಳು. ಅನುಮಾನ ಬಂದ ಜಾಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಒಂದು ಪುಟದಲ್ಲಿ ಉಬ್ಬರ, ಮುಂದಿನ ಪುಟದಲ್ಲೇ ಇಳಿತ ಎಂದು ಒಬ್ಬ ಪ್ರಕಾಶಕರಿಗೆ ಪತ್ರ ಹಾಕಿದ್ದವಳು ನಾನು. ನೀವು ಪುಸ್ತಕದ ಮುಖಪುಟ ನೋಡಿ, "ಎಷ್ಟನೇ ಪುಟ?" ಎಂದಿರಿ. ನಾನು ಆ ಪುಟ ತೆಗೆದು, ಮರಳುದಿಬ್ಬಗಳ ನಡುವೆ ಕಡಲು ಕೇಳಿಸುತ್ತದೆ ಆದರೆ ಕಾಣಿಸುವುದಿಲ್ಲ ಎನ್ನುವಂಥ ಹಸಿರು ತಗ್ಗು ನಿಜವಾಗಿ ಇರುತ್ತದೆಯೇ ಎಂದು ಕೇಳಿದೆ. "ಇರುತ್ತೆ. ಅದಕ್ಕೆ ನಮ್ಮ ಡಚ್ಚಿನಲ್ಲಿ ಒಂದೇ ಪದ. ಈ ಅನುವಾದಕ ನಾಲ್ಕು ಪದ ಖರ್ಚು ಮಾಡಿದಾನೆ, ತಪ್ಪಿಲ್ಲ. ಆದರೆ ಹಸಿರು ಅಂದಿದಾನಲ್ಲ, ಅದು ಬೂದಿ ಬಣ್ಣ. ಈ ಮನುಷ್ಯ ಆ ಗಾಳೀಲಿ ನಿಂತವನಲ್ಲ." ಇಂಗ್ಲಿಷಿನ ಒಂದೇ 'ಯು' ನಿಮ್ಮ ಬಾಯಿಂದ ಬಂದಾಗ ನನಗೆ 'ನೀನು' ಎಂದೂ, ನನ್ನ ಬಾಯಿಂದ ಹೋಗುವಾಗ 'ನೀವು' ಎಂದೂ ಕೇಳಿಸಲು ಶುರುವಾದದ್ದು ಅವತ್ತಿನಿಂದ.

ಮೊದಲ ಗುರುವಾರ ನಿಮ್ಮ ಮನೆ ಹುಡುಕಲು ನಾನು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಒಂದೇ ಬೀದಿಯನ್ನು ಮೂರು ಸಲ ಸುತ್ತಿದೆ. ಯಾರದೋ ದೊಡ್ಡ ಮನೆಯ ಹಿತ್ತಲಿನಲ್ಲಿ ಒಂದು ಕೋಣೆ, ಒಂದು ಅಡಿಗೆಕಟ್ಟೆ, ಗೋಡೆಗೆ ಒರಗಿಸಿಟ್ಟ ಮರದ ಹಲಗೆಗಳು. ಎಂಬತ್ತು ದಾಟಿದ ಮೇಲೆ ನಿಮ್ಮ ಲೈಸೆನ್ಸ್ ಹೋಗಿತ್ತು. ನನಗೆ ಗುರುವಾರ ರಜೆ, ಅವತ್ತು ನಿಮ್ಮನ್ನು ಕಡಲಿಗೆ ಕರೆದೊಯ್ಯುತ್ತೇನೆಂದು ಒಪ್ಪಿದ್ದೆ. ನನ್ನ ಗಂಡ ರಘು ಮೆಟ್ರೋ ಹಿಡಿದು ಆಫೀಸಿಗೆ ಹೋಗುತ್ತಿದ್ದುದರಿಂದ ಮನೆಯ ದೊಡ್ಡ ಕಾರು ಖಾಲಿ ಇರುತ್ತಿತ್ತು. ಅಲ್ಲಿಂದ ಕಡಲಿಗೆ ಒಂದು ಗಂಟೆಯ ದಾರಿ. ಕಡಲ ಚಿತ್ರ ಬರೆಯುವವರು ಕಡಲಿನಿಂದ ಇಷ್ಟು ದೂರ ಯಾಕೆ ಇದ್ದೀರಿ ಎಂದು ಕೇಳಿದ್ದಕ್ಕೆ, "ಹತ್ತಿರ ಇರೋರು ಅದನ್ನ ನೋಡೋದೇ ಇಲ್ಲ" ಎಂದಿರಿ. ಹತ್ತಿರ ಬಾಡಿಗೆ ಕೊಡಲಾಗದು ಎನ್ನುವುದನ್ನು ಎರಡು ಟ್ರಾಫಿಕ್ ಲೈಟ್ ದಾಟಿದ ಮೇಲೆ ಸೇರಿಸಿದಿರಿ.

ನಿಮ್ಮ ಜೀವನ ನನಗೆ ತಿಳಿದದ್ದೇ ಹಾಗೆ, ಲೈಟಿನಿಂದ ಲೈಟಿಗೆ, ತುಂಡು ತುಂಡಾಗಿ. ಉತ್ತರ ಸಮುದ್ರದ ದಂಡೆಯ ಒಂದು ಮೀನುಗಾರರ ಊರು. ಅಪ್ಪ ಬಲೆ ಹೆಣೆಯುತ್ತಿದ್ದರು, ಅಮ್ಮ ಮೀನಿಗೆ ಉಪ್ಪು ಹಾಕುತ್ತಿದ್ದರು. ಊರಿಗೆ ಬಂದರು ಎನ್ನುವುದೇ ಇರಲಿಲ್ಲ. ಅಜ್ಜನ ಕಾಲದಲ್ಲಿ ಚಪ್ಪಟೆ ತಳದ ದೋಣಿಗಳು ಉಬ್ಬರದ ಜೊತೆ ನೇರವಾಗಿ ಮರಳಿಗೇ ಬಂದು ಕೂರುತ್ತಿದ್ದವಂತೆ. ನಿಮ್ಮ ಕಾಲಕ್ಕೆ ಅಂಥದ್ದೊಂದು ಹಳೆಯ ದೋಣಿ ಮಾತ್ರ ಉಳಿದಿತ್ತು. ಯುದ್ಧ ಬಂದು ದಂಡೆಗೆ ಮುಳ್ಳುತಂತಿ ಹಾಕಿದ ಮೇಲೆ ವರ್ಷಗಟ್ಟಲೆ ನೀವು ಕಡಲನ್ನು ನೋಡಿದ್ದು ಅಟ್ಟದ ಕಿಟಕಿಯಿಂದ. "ಅಲ್ಲಿಂದ ಮರಳು ಒಂದು ಗೆರೆ, ನೀರು ಒಂದು ಗೆರೆ, ಉಳಿದದ್ದೆಲ್ಲ ಆಕಾಶ. ನನ್ನ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ಆಕಾಶ ಯಾಕೆ ಅಂತ ಕಲಾವಿಮರ್ಶಕರು ದೊಡ್ಡ ದೊಡ್ಡ ಕಾರಣ ಬರೆದ್ರು. ಕಾರಣ ಒಂದು ಕಿಟಕಿ." ಈ ಮಾತನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಂದರಿಲ್ಲದ ಊರಿನ ಮಾತನ್ನೂ ಬರೆದುಕೊಂಡಿದ್ದೆ, ಪುಟದ ಸಂಖ್ಯೆ ಬೇಕಾದರೆ ಈಗಲೂ ಹೇಳಬಲ್ಲೆ. ಬರೆದುಕೊಂಡದ್ದರಿಂದ ಏನಾಯಿತು?

ಒಂದು ಸಲ ರಸ್ತೆ ರಿಪೇರಿಗೆ ಕಾರು ಅರ್ಧ ಗಂಟೆ ನಿಂತಾಗ ನೀವು ಇಡೀ ಮೆಲ್ಬರ್ನ್ ಹೇಳಿ ಮುಗಿಸಿದಿರಿ. ಹೇಗ್ ಪಟ್ಟಣದ ಸಂಜೆ ಶಾಲೆಯಲ್ಲಿ ಒಂದು ಚಳಿಗಾಲವಿಡೀ ಬರೀ ಮೋಡ ಬರೆದು ಕಲಿತ ಹುಡುಗ, ಐದು ವಾರ ಹಡಗಿನಲ್ಲಿ ಕೂತು ಮೆಲ್ಬರ್ನಿಗೆ ಬಂದು, ಹಣ್ಣಿನಂಗಡಿಗಳ ಬೋರ್ಡು ಬರೆಯುವ ಕೆಲಸಕ್ಕೆ ಸೇರಿದ. ನಿಮ್ಮ ಕೃತಿಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಒಂದು ಬಾಳೆಗೊನೆ, ಟ್ರಾಮ್ ನಿಲ್ದಾಣದ ಎದುರಿಗೆ ಹದಿನೆಂಟು ವರ್ಷ ಇತ್ತು ಎಂದು ಹೇಳಿಕೊಂಡು ನಗುತ್ತಿದ್ದಿರಿ. ನೆಲ್ ಅವರನ್ನು ಮದುವೆಯಾದಿರಿ, ಮಾರೈಕ ಹುಟ್ಟಿದಳು. ಭಾನುವಾರಗಳಲ್ಲಿ ಕೊಲ್ಲಿಯ ದಂಡೆಗೆ ಹೋಗಿ ಬೂದಿ ಬಣ್ಣದ ಚಿತ್ರ ಬರೆಯುತ್ತಿದ್ದಿರಿ. ಚರ್ಚ್ ಹಾಲ್‌ಗಳಲ್ಲಿ ಪ್ರದರ್ಶನ. ಇದು ನಮ್ಮ ಬೀಚ್ ಅಲ್ಲ, ಚಳಿಯಾಗುತ್ತದೆ ಎಂದು ಒಬ್ಬ ಗ್ಯಾಲರಿಯವನು ಹೇಳಿದ ಮೇಲೆ ಮೂರು ವರ್ಷ ಅವನು ಕೇಳಿದ ಹಾಗೆ ಬರೆದಿರಿ. ನೀಲಿ ನೀರು, ಹಳದಿ ಮರಳು, ಈಜಲು ಬಂದವರು ಬಟ್ಟೆ ಬದಲಿಸುವ ಬಣ್ಣಬಣ್ಣದ ಮರದ ಗೂಡುಗಳು. ಎಲ್ಲವೂ ಮಾರಿಹೋದವು. "ಎಲ್ಲಾದ್ರೂ ಅವು ಕಣ್ಣಿಗೆ ಬಿದ್ರೆ ನನ್ನದು ಅಂತ ಗುರುತು ಹಿಡಿಬೇಡ. ಅವುಗಳಲ್ಲಿ ಒಂದೂ ಆಕಾಶ ನಾನು ನೋಡಿದ್ದಲ್ಲ. ಸುಳ್ಳು ಆಕಾಶ ಬರೆಯೋದು ಬಹಳ ಸುಲಭ, ಗೊತ್ತಾ?" ಆಮೇಲೆ ಮತ್ತೆ ಬೂದಿ ಬಣ್ಣಕ್ಕೆ ಮರಳಿದಿರಿ, ಗ್ಯಾಲರಿಯವನು ಬಾಗಿಲು ಹಾಕಿಕೊಂಡ. ಮೂವತ್ತು ವರ್ಷ ಸಂಜೆ ತರಗತಿಗಳಲ್ಲಿ ಪಾಠ ಹೇಳಿದಿರಿ. ನೆಲ್ ತೀರಿಕೊಂಡ ಮೇಲೆ, ಈ ಕೊಲ್ಲಿಯಲ್ಲಿ ಸರಿಯಾದ ಒಂದು ಅಲೆಯೂ ಇಲ್ಲವೆಂದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಗಳ ಮಾತು ಕೇಳದೆ ಸಿಡ್ನಿಗೆ ಬಂದುಬಿಟ್ಟಿರಿ. ನಿಮ್ಮ ಆ ಮೂರು ವರ್ಷದ ನಾಚಿಕೆಯನ್ನು ಅಷ್ಟು ಸಲೀಸಾಗಿ, ಕಿತ್ತಳೆಯ ಬೀಜ ಉಗುಳುತ್ತಾ, ನನಗೆ ಹೇಳಿದಿರಲ್ಲ. ನನಗೆ ಯಾಕೆ ಅಷ್ಟು...

ದಂಡೆಯ ಮೇಲೆ ನೀವು ಕೆಲಸ ಮಾಡುವುದನ್ನು ನೋಡಿದ ಮೊದಲ ಬೆಳಿಗ್ಗೆ ನನಗೆ ನಿರಾಸೆಯೇ ಆಯಿತು. ಒಂದೂವರೆ ಗಂಟೆ ನೀವು ಕುಂಚ ಮುಟ್ಟಲಿಲ್ಲ. ಸುಮ್ಮನೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದಿರಿ. ಆಮೇಲೆ ಮೊದಲು ಆಕಾಶ, ಅದೂ ಬಣ್ಣ ಮೆತ್ತುವ ಅಲಗಿನಿಂದ, ದಪ್ಪಗೆ, ಗಾರೆ ಮೆತ್ತಿದ ಹಾಗೆ. ಗಾಳಿಗೆ ಮರಳು ಹಾರಿ ಬಣ್ಣಕ್ಕೆ ಅಂಟಿಕೊಂಡರೂ ತೆಗೆಯುತ್ತಿರಲಿಲ್ಲ. "ಅದೂ ಬಂದಿದೆ ನೋಡು, ಇರಲಿ ಬಿಡು." ಮೋಡಕ್ಕೆ ಯಾವ ಬಣ್ಣ ಎಷ್ಟು ಹಾಕಿದಿರಿ ಎಂದು ನಾನು ಕೇಳಿದರೆ, "ಲೈಬ್ರರಿಯವಳೇ, ಪ್ರತಿ ಮೋಡಕ್ಕೂ ನಂಬರ್ ಅಂಟಿಸ್ಬೇಡ" ಎನ್ನುತ್ತಿದ್ದಿರಿ. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ನಾನು ತಂದ ಮೈಸೂರು ಪಾಕನ್ನು ಬೆಳಕಿಗೆ ಹಿಡಿದು, ಆಗಷ್ಟೇ ನೀರು ಇಳಿದ ಮರಳಿನ ಬಣ್ಣ ಇದೇ ಎಂದು ಅದನ್ನು ಹಲಗೆಯ ಪಕ್ಕ ಇಟ್ಟುಕೊಂಡು ಬಣ್ಣ ಕಲಸಿದ್ದಿರಿ. ಚಿತ್ರ ಮುಗಿದ ಮೇಲೆ ತಿಂದಿರಿ.

ನಿಮ್ಮ ಬಡಾವಣೆಗೆ ಹತ್ತಿರದ ದಿ ಪಾಂಡ್ಸ್‌ನಲ್ಲಿ ನಮ್ಮ ಮನೆಯ ಗೃಹಪ್ರವೇಶದ ದಿನ ನೀವು ಟೈ ಕಟ್ಟಿಕೊಂಡು ಬಂದಿರಿ. ಬಾಗಿಲಲ್ಲಿ ಶೂ ಬಿಚ್ಚಿದಾಗ ಎಡಗಾಲಿನ ಕಾಲುಚೀಲದಲ್ಲಿ ತೂತಿತ್ತು, ಪೂಜೆ ಮುಗಿಯುವವರೆಗೂ ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಕೂತಿದ್ದಿರಿ. ತಂದಿದ್ದ ಹಲಗೆ ನೀವು ಸಾಮಾನ್ಯವಾಗಿ ಬರೆಯುವುದಕ್ಕಿಂತ ಎರಡರಷ್ಟು ದೊಡ್ಡದು. ಇಳಿತದ ಹೊತ್ತಿನ ದಂಡೆ, ಸಂಜೆಯ ಬೆಳಕು, ಮರಳಿನ ಮೇಲೆ ಸ್ವಲ್ಪ ವಾಲಿ ಕೂತ ಒಂದು ದೋಣಿ. ಸುತ್ತ ಒಬ್ಬ ಮನುಷ್ಯನೂ ಇಲ್ಲ. ಮೇಲೆ ಆ ಆಕಾಶ, ನುಣ್ಣಗೆ, ಅಲಗಿನ ಒಂದೇ ಎಳೆತದಲ್ಲಿ ಎಡದಿಂದ ಬಲಕ್ಕೆ ಹೋದದ್ದು. ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದಿರಿ. "ಮನೆ ಅಂದಮೇಲೆ ಇದು ಇರಬೇಕು. ಒಂದು ವರ್ಷ ಆಕಾಶಕ್ಕೆ ಏನೂ ತಾಗಿಸ್ಬೇಡ, ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಹಸಿ ಇದೆ."

ನೀವು ಊಟದ ಟೇಬಲ್ಲಿನ ಹತ್ತಿರ ಕೇಸರಿಬಾತ್ ತಿನ್ನುತ್ತಿದ್ದಾಗ ವಿಜಯಾ ಬಂದು ಚಿತ್ರದ ಮುಂದೆ ನಿಂತಳು. ಪಕ್ಕದ ಬೀದಿಯವಳು, ನಮ್ಮ ಕನ್ನಡದ ಗುಂಪಿನಲ್ಲಿ ಯಾರು ಮನೆ ತೆಗೆದುಕೊಂಡರೂ ಮೊದಲು ಅವಳಿಗೆ ಪ್ಲಾನ್ ತೋರಿಸುತ್ತಾರೆ. ಬಾಗಿಲು ಯಾವ ದಿಕ್ಕು, ಒಲೆ ಯಾವ ಮೂಲೆ, ಎಲ್ಲವನ್ನೂ ಅವಳೇ ಹೇಳಬೇಕು.

"ಇದೇನ್ರೀ ವಸುಧಾ, ಗೃಹಪ್ರವೇಶಕ್ಕೆ ಮುಳುಗಿದ ದೋಣಿ ತಂದಿದಾರೆ ನಿಮ್ಮ ಅಂಕಲ್ಲು?"

"ಮುಳುಗಿಲ್ಲ. ಮರಳಿನ ಮೇಲಿದೆ."

"ಅದೇ ಮತ್ತೆ, ಒಡೆದು ದಡಕ್ಕೆ ಬಿದ್ದಿದೆ. ಒಂದು ನರಪಿಳ್ಳೆ ಇಲ್ಲ ನೋಡಿ, ಎಲ್ಲಾ ಹೋಗ್ಬಿಟ್ಟಿದಾರೆ. ಸೂರ್ಯ ಬೇರೆ ಮುಳುಗ್ತಿದಾನೆ. ನಮ್ಮ ಕಸಿನ್ ಮನೇಲಿ ಇಂಥದ್ದೇ ಹಾಕಿದ್ರು, ಆರು ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರದೂ ಜಾಬ್ ಹೋಯ್ತು. ನಂಬಿ, ಬಿಡಿ, ನಿಮ್ಮಿಷ್ಟ. ಹಾಲ್‌ನಲ್ಲಿ ಓಡೋ ಏಳು ಕುದುರೆ ಹಾಕಿ, ನಾನೇ ತಂದ್ಕೊಡ್ತೀನಿ."

ನಾವು ಚಿತ್ರದ ಮುಂದೆ ಅಷ್ಟು ಹೊತ್ತು ನಿಂತದ್ದನ್ನು ನೋಡಿ ನೀವು ದೂರದಿಂದಲೇ ಚಮಚ ಮೇಲೆತ್ತಿ ನಕ್ಕಿರಿ. ಮೆಚ್ಚಿಕೊಳ್ಳುತ್ತಿದ್ದೇವೆ ಎಂದುಕೊಂಡಿರಿ. ನಾನೂ ತಿರುಗಿ ನಕ್ಕೆ.

ನೆಂಟರೆಲ್ಲ ಹೋದ ಮೇಲೆ ರಘು ಗೋಡೆಗೆ ಒರಗಿಸಿಟ್ಟಿದ್ದ ಚಿತ್ರವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ನಂಗೇನೂ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಕಣೇ. ಆದ್ರೆ ಕಾಂಟ್ರಾಕ್ಟ್ ರಿನ್ಯೂವಲ್ ಟೈಮು, ಹೊಸಾ ಮಾರ್ಟ್‌ಗೇಜ್. ಒಂದ್ ಸ್ವಲ್ಪ ದಿನ ಒಳಗಿಡೋಣ. ಆಮೇಲೆ ಹಾಕಿದ್ರಾಯ್ತು." ನಾನು ನಂಬುತ್ತೇನೆಯೇ ಎಂದು ಅವನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನಂಬಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು, ಮೇಷ್ಟ್ರೇ. ನಾನು ನಂಬಲಿಲ್ಲ. ವಿಜಯಾ ಇನ್ನೊಂದು ಸಲ ಬಂದಾಗ ಅದನ್ನು ಗೋಡೆಯ ಮೇಲೆ ನೋಡಿ ಏನನ್ನುತ್ತಾಳೋ ಎನ್ನುವುದಷ್ಟೇ ನನ್ನ ಭಯ. ಹಳೆಯ ಒಂದು ಹತ್ತಿಯ ಬೆಡ್‌ಶೀಟ್ ಸುತ್ತಿ ಗ್ಯಾರೇಜಿನಲ್ಲಿ ಒರಗಿಸಿಟ್ಟೆ. ಆಕಾಶಕ್ಕೆ ಏನೂ ತಾಗಿಸಬೇಡ ಎಂದು ನೀವು ಹೇಳಿ ಇನ್ನೂ ಒಂದು ದಿನ ಕಳೆದಿರಲಿಲ್ಲ. ಎರಡು ವಾರದಲ್ಲಿ ರಘುವಿನ ಕಾಂಟ್ರಾಕ್ಟ್ ಮುಂದುವರಿಯಿತು. ಆಮೇಲೆ ಅದನ್ನು ಹೊರತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಗುರುವಾರವೇ ನೀವು ಕೇಳಿದಿರಿ. "ದೋಣಿ ಎಲ್ಲಿ ಹಾಕಿದೆ?" ಫ್ರೇಮ್ ಹಾಕಿಸಲು ಕೊಟ್ಟಿದ್ದೇನೆ ಎಂದೆ. ಇದು ಮೊದಲನೆಯ ಸುಳ್ಳು. ನಿಮ್ಮ ಚಿತ್ರಗಳಿಗೆ ಫ್ರೇಮ್ ಬೇಡ ಎನ್ನುವುದು ನಿಮ್ಮ ಪದ್ಧತಿ, ನನಗದು ಗೊತ್ತಿತ್ತು. ನೀವು "ಸರಿ, ನಿನ್ನ ಮನೆ" ಎಂದಿರಿ.

ಎರಡನೆಯ ವರ್ಷದ ದೀಪಾವಳಿಗೆ ನಮ್ಮ ಮನೆಗೆ ಬಂದಾಗ ನೀವು ಹಾಲ್‌ನ ನಾಲ್ಕು ಗೋಡೆಗಳನ್ನೂ ನೋಡಿದಿರಿ. ಕುದುರೆಗಳನ್ನೂ ನೋಡಿದಿರಿ. ಅಷ್ಟರಲ್ಲಿ ನಿಮ್ಮ ಮಂಡಿ ಪೂರ್ತಿ ಕೆಟ್ಟಿತ್ತು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿಯೇ ನಾನು ಹೇಳಿದೆ. "ಮೇಲೆ ಬೆಡ್‌ರೂಮಿನಲ್ಲಿದೆ." ನೀವು ಎಷ್ಟು ಸಂತೋಷಪಟ್ಟಿರಿ. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದಿರಿ. ಪೂರ್ವದಿಂದ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಎಂದು ನಾನು ಗಂಟೆ ಸಮೇತ ಹೇಳಿದೆ. ಹಾಗೆ ನಿಖರವಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಅದುವರೆಗೆ ತಿಳಿದಿರಲಿಲ್ಲ. ನನ್ನ ಮಗಳು ಅನಘಾ ಆಗ ಸೋಫಾದ ಮೇಲೆ ಕೂತಿದ್ದಳು. ಫೋನಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.

ಅದರ ಮುಂದಿನ ಬೇಸಿಗೆ ಮುಗಿಯುವಾಗ ನೀವು ಆಸ್ಪತ್ರೆ ಸೇರಿದಿರಿ, ಅಲ್ಲಿ ಒಂದು ಮಂಗಳವಾರ ನನ್ನನ್ನು ಒಂದೇ ಒಂದು ಕೇಳಿದಿರಿ. ಗೋಡೆಯ ಮೇಲಿರುವ ದೋಣಿಯ ಫೋಟೋ. ಮರುದಿನ ನಾನು ಗ್ಯಾರೇಜಿಗೆ ಹೋದೆ. ಎರಡು ಬೇಸಿಗೆ ಕಳೆದಿತ್ತು. ಪಶ್ಚಿಮದ ಬಿಸಿಲು ಬೀಳುವ ತಗಡಿನ ಬಾಗಿಲು, ಚಿತ್ರಕ್ಕೆ ಒರಗಿಸಿದ್ದ, ಇಂಡಿಯಾಕ್ಕೆ ಹೋಗುವಾಗ ಒಯ್ಯುವ ದೊಡ್ಡ ಸೂಟ್‌ಕೇಸು. ಬೆಡ್‌ಶೀಟ್ ಬಿಡಿಸಲು ಹೋದರೆ ಬರಲಿಲ್ಲ. ಎಳೆದೆ. ಅಂಟಿದ್ದ ಬಣ್ಣದ ಸಣ್ಣ ಸಣ್ಣ ಚಕ್ಕೆಗಳು ಬಟ್ಟೆಯ ಜೊತೆ ಬಂದವು. ಉಳಿದ ಆಕಾಶದ ತುಂಬ ಬಟ್ಟೆಯ ನೇಯ್ಗೆ ಅಚ್ಚಾಗಿ ಕೂತಿತ್ತು, ಅಡ್ಡ ಎಳೆ, ಉದ್ದ ಎಳೆ, ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಬೆಡ್‌ರೂಮಿನ ಗೋಡೆಗೆ ಹತ್ತು ನಿಮಿಷ ತೂಗುಹಾಕಿ, ಪರದೆ ಎಳೆದು, ದೂರ ನಿಂತು ಫೋಟೋ ತೆಗೆದೆ.

ನೀವು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಿರಿ. ನಿಮ್ಮ ಕಣ್ಣಿಗೆ ಏನು ತಾನೆ ತಪ್ಪೀತು? ಬೆರಳಿನಿಂದ ದೊಡ್ಡದು ಮಾಡಿದಿರಿ. "ಈ ಆಕಾಶ ನಾನು ಹೀಗೆ ಮಾಡಿದೆನಾ? ಇಷ್ಟು ಒರಟಾಗಿ? ಒಂದೇ ಎಳೆತದಲ್ಲಿ ಎಳೆದ ನೆನಪು ನನಗೆ." ನನ್ನ ಮುಂದೆ ಎರಡು ಉತ್ತರ ಇದ್ದವು. "ನೀವೇ ಮಾಡಿದ್ದು," ಎಂದೆ. "ಹೀಗೇ ಇತ್ತು." ನೀವು ಫೋನ್ ವಾಪಸ್ಸು ಕೊಟ್ಟು, "ಹಾಗಾದ್ರೆ ನನ್ನ ತಲೆ ಹೋಗ್ತಾ ಇದೆ," ಎಂದಿರಿ, ಯಾರೋ ಬೇರೆಯವರ ಸುದ್ದಿ ಹೇಳುವ ಹಾಗೆ. ಇದು ಮೂರನೆಯದು. ಎಂಟು ದಿನಕ್ಕೆ ನೀವು ಹೋದಿರಿ.

ನಾಲ್ಕು ತಿಂಗಳ ಮೇಲೆ ಮಾರೈಕಳ ಇಮೇಲ್ ಬಂದಾಗ ನಾನು ಲೈಬ್ರರಿಯಲ್ಲಿದ್ದೆ. ಮೆಲ್ಬರ್ನಿನಲ್ಲಿ ಕೊಲ್ಲಿಯ ಹತ್ತಿರ ಒಂದು ಸಣ್ಣ ಗ್ಯಾಲರಿಯಲ್ಲಿ ಅಪ್ಪನ ಚಿತ್ರಗಳ ಪ್ರದರ್ಶನ ಮಾಡುತ್ತಿದ್ದೇವೆ, ನಿಮ್ಮಲ್ಲಿರುವ ದೋಣಿ ಬೇಕು ಎಂದು ಬರೆದಿದ್ದಳು. 'ಅಪ್ಪ ದೋಣಿ ಬರೆದದ್ದು ಎರಡೇ ಸಲ. ನಾನು ಮನೆ ಕೊಂಡಾಗ ಒಂದು, ನೀವು ಮನೆ ಕಟ್ಟಿಸಿದಾಗ ಒಂದು. ಅವರ ಊರಿನಲ್ಲಿ ಹೊಸ ಮನೆಗೆ ಇದೇ ಉಡುಗೊರೆಯಂತೆ. ದೋಣಿ ಮರಳಿಗೆ ಬಂದು ಕೂತಿದೆ ಎಂದರೆ ಎಲ್ಲರೂ ಸುರಕ್ಷಿತವಾಗಿ ಬಂದಾಯಿತು. ಪಕ್ಕದಲ್ಲಿ ಯಾರೂ ಇಲ್ಲ ಎಂದರೆ ಎಲ್ಲರೂ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ.' ಕೊನೆಯಲ್ಲಿ, ಚಿತ್ರದ ಬಗ್ಗೆ ಒಂದು ಟಿಪ್ಪಣಿ ನೀವೇ ಬರೆಯಬೇಕು, ನಿಮ್ಮ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು ಎಂದಿತ್ತು. ಆ ಸಾಲನ್ನು ಓದಿ ನಾನು ಎದ್ದು ಒಳಗಿನ ಕಪಾಟುಗಳ ನಡುವೆ ಹೋಗಿ ನಿಂತೆ. ಬಂದರಿಲ್ಲದ ಊರು, ಚಪ್ಪಟೆ ತಳ, ಮರಳಿಗೆ ಬಂದು ಕೂರುವುದು. ಎಲ್ಲವೂ ನನ್ನದೇ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿತ್ತು. ಬೇರೆಯವರ ಪುಸ್ತಕದಲ್ಲಿ ಉಬ್ಬರ ಇಳಿತ ಹುಡುಕಿದವಳು ನಾನು.

ಹನ್ನೊಂದು ದಿನ ಉತ್ತರ ಬರೆಯಲಿಲ್ಲ. ರಘು ನಿಜಕ್ಕೂ ನನಗಾಗಿಯೇ ಹೇಳಿದ. "ಮನೆ ಶಿಫ್ಟ್ ಮಾಡೋವಾಗ ಡ್ಯಾಮೇಜ್ ಆಯ್ತು ಅನ್ನು. ಆಗಲ್ವಾ, ಎಷ್ಟೋ ಜನಕ್ಕೆ ಆಗಿದೆ. ಆ ಹೆಂಗಸು ಬಂದು ಚೆಕ್ ಮಾಡ್ತಾಳಾ?" ನಾನು ಆ ಇಮೇಲನ್ನು ಬರೆದೂ ಇಟ್ಟಿದ್ದೆ, ಮೇಷ್ಟ್ರೇ, ಇದನ್ನು ಮುಚ್ಚಿಡುವುದಿಲ್ಲ. ನಾಲ್ಕನೆಯದು, ಚೆನ್ನಾಗಿಯೇ ಬಂದಿತ್ತು. ಅನಘಾ ನನ್ನ ಹೆಗಲ ಹಿಂದೆ ನಿಂತು ಓದಿ, "ಅಮ್ಮಾ, ದಟ್ಸ್ ನಾಟ್ ಈವನ್ ಟ್ರೂ" ಎಂದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ, "ನಾನೂ ಬರ್ತೀನಿ. ಡ್ರೈವ್ ಮಾಡೋಣ. ನಂಗೆ ಲೈಸೆನ್ಸ್ ತಗೊಳೋಕೆ ಹೈವೇ ಅವರ್ಸ್ ಬೇಕು."

ಮಾರೈಕಳ ಮನೆ ತಲುಪಿದಾಗ ಮಧ್ಯಾಹ್ನ. ಹಿಂದಿನ ರಾತ್ರಿ ನಡುದಾರಿಯ ಒಂದು ಮೋಟೆಲಿನಲ್ಲಿ ತಂಗಿದ್ದೆವು. ಊಟದ ಟೇಬಲ್ಲಿನ ಮೇಲ್ಗಡೆ ಗೋಡೆಯಲ್ಲಿ ಮೊದಲ ದೋಣಿ ಇತ್ತು, ನುಣುಪಾದ ಆಕಾಶದ ಕೆಳಗೆ. ನಾನು ನಮ್ಮದನ್ನು ಬಿಚ್ಚಿ ಟೇಬಲ್ ಮೇಲಿಟ್ಟೆ. ಅವಳು ಅಂಗೈಯಿಂದ ಆಕಾಶವನ್ನು ಮೆಲ್ಲಗೆ ಸವರಿ, "ಇದೇನು?" ಎಂದಳು. ನಾನು ಗೃಹಪ್ರವೇಶದಿಂದ ಶುರುಮಾಡಿ ಕ್ರಮವಾಗಿ ಹೇಳಿದೆ. ಗ್ಯಾರೇಜು ಮುಗಿಯುವ ತನಕ ಅವಳು ಸಿಟ್ಟಾಗಲಿಲ್ಲ. "ದೋಣಿ ಅಪಶಕುನ ಅಂತಲಾ?" ಎಂದು ಒಂದು ಸಲ ನಕ್ಕದ್ದೂ ಉಂಟು. "ಅಪ್ಪ ಕೇಳಿದ್ರೆ ವಾರಗಟ್ಟಲೆ ನಗ್ತಿದ್ರು." ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನನ್ನ ಕೈ ಮುಟ್ಟಿ ಕ್ಷಮಿಸಿಯೂ ಬಿಡುತ್ತಿದ್ದಳು. ನಾನು ಆಸ್ಪತ್ರೆಯ ಮಾತನ್ನೂ ಹೇಳಿದೆ.

ಅವಳು ಎದ್ದು ಕೆಟಲ್‌ಗೆ ನೀರು ತುಂಬಿದಳು. ಸ್ವಿಚ್ ಹಾಕಲಿಲ್ಲ. "ಅವತ್ತು ಸಂಜೆ ಅಪ್ಪ ಫೋನ್ ಮಾಡಿದ್ರು," ಎಂದಳು, ಗೋಡೆಯ ಕಡೆ ನೋಡುತ್ತಾ. "ನಾನು ಮಾಡಿದ ಆಕಾಶದ ಗುರುತು ನನಗೇ ಸಿಗ್ಲಿಲ್ಲ ಅಂದ್ರು. ನಾನೇ ಡಾಕ್ಟರಿಗೆ ಹೇಳ್ದೆ, ನೆನಪು ಹೋಗ್ತಿದೆ, ನೋಡಿ ಅಂತ. ಮರುದಿನ ಅವರು ಬಂದು ಇವತ್ತು ಯಾವ ವಾರ, ಪ್ರಧಾನಿ ಯಾರು, ಗಡಿಯಾರದ ಚಿತ್ರ ಬರೀರಿ ಅಂತೆಲ್ಲ ಕೇಳಿದ್ರು. ಎಲ್ಲಾ ಸರಿಯಾಗಿ ಹೇಳಿದ್ರು. ಗಡಿಯಾರಕ್ಕೆ ನೆರಳು ಕೂಡ ಹಾಕಿದ್ರಂತೆ." ಕೆಟಲಿನ ಹಿಡಿಯಿಂದ ಕೈ ತೆಗೆದಳು. "ಆದ್ರೂ ಅಪ್ಪ ನಂಬಲಿಲ್ಲ. ಕೊನೇ ವಾರ ಪೂರ್ತಿ, ಏನು ಹೇಳಿದ್ರೂ, ಇದು ನಿಜಾನಾ ಅಂತ ನನ್ನನ್ನ ಕೇಳಿ ಖಾತ್ರಿ ಮಾಡ್ಕೊಳ್ತಿದ್ರು. ಅಮ್ಮನ ಹೆಸರನ್ನೂ."

ಅನಘಾ ಮೇಜಿನ ಕೆಳಗೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಿದ್ದಳು, ಆಮೇಲೆ ಅದನ್ನೂ ತೆಗೆದಳು.

"ಕ್ಷಮಿಸ್ತೀನಿ ಅಂತ ಇವತ್ತು ನನ್ನ ಕೈಲಿ ಹೇಳೋಕಾಗಲ್ಲ," ಎಂದಳು ಮಾರೈಕ.

"ಬೇಡ."

"ಚಿತ್ರ ಹಾಕ್ತೀನಿ. ಪಕ್ಕದ ಚೀಟಿ ನೀನೇ ಬರಿ. ಅಪ್ಪನ ಹತ್ತಿರ ಗಂಟೆ ಸಮೇತ ಹೇಳ್ತಿದ್ದೆಯಲ್ಲ, ಹಾಗೇ ಬರಿ."

ಹಾನಿಯನ್ನು ತುಂಬಿ ನುಣುಪು ಮಾಡಬಹುದು ಎಂದು ಗ್ಯಾಲರಿಯವರು ಕಳಿಸಿದ್ದ ಸರಿಪಡಿಸುವವರು ಹೇಳಿದರು. ಮಾರೈಕ ಬೇಡ ಎಂದಳು. ಬೇರೆಯವರು ತುಂಬಿದ ಆಕಾಶ ಮತ್ತೆ ಯಾರದೋ ಆಕಾಶವಾಗುತ್ತದೆ ಎನ್ನುವುದು ಅವಳ ಮಾತು. ನಿಮ್ಮ ಮಗಳೇ ಸರಿ.

ಪ್ರದರ್ಶನದ ಮೊದಲ ದಿನ ಮತ್ತೆ ಮೆಲ್ಬರ್ನಿಗೆ ಹೋಗಿ ನಾನು ಮೂಲೆಯಲ್ಲಿ ನಿಂತು ನೋಡಿದೆ. ಮೂವತ್ತೊಂದು ಚಿತ್ರ. ನಿಮ್ಮ ಬಳಿ ಕಲಿತ ಮೂವರು ಮುದುಕಿಯರು ಬಂದಿದ್ದರು, ಒಬ್ಬರು ನೀವು ಬೈಯುತ್ತಿದ್ದ ರೀತಿಯನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದರು. ನೀಲಿ ನೀರು, ಹಳದಿ ಮರಳಿನ ಒಂದು ಚಿತ್ರವನ್ನೂ ಯಾರೋ ತಂದುಕೊಟ್ಟಿದ್ದರು. ನಿಮ್ಮ ಮಾತಿನಂತೆ ನಾನು ಅದರ ಗುರುತು ಹಿಡಿಯಲಿಲ್ಲ. ದೋಣಿಯ ಮುಂದೆ ಜನ ನಿಂತು, ಹತ್ತಿರ ಬಂದು, ಚೀಟಿ ಓದಿ, ಮತ್ತೆ ಆಕಾಶ ನೋಡುತ್ತಿದ್ದರು. ಒಬ್ಬರು ಗಂಡನ ಕಿವಿಯಲ್ಲಿ ಏನೋ ಹೇಳಿ ತಲೆಯಾಡಿಸಿದರು. ಅದು ನನ್ನ ಬಗ್ಗೆ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಚೀಟಿಯಲ್ಲಿ ನನ್ನ ಹೆಸರಿದೆ. ಇನ್ನು ಮೇಲೆ ಆ ಚಿತ್ರ ಎಲ್ಲಿ ಹೋದರೂ ಆ ಚೀಟಿ ಅದರ ಬೆನ್ನಿಗೆ ಅಂಟಿಕೊಂಡೇ ಹೋಗುತ್ತದೆ, ಮಾರೈಕ ಹಾಗೆಂದು ಬರೆಸಿಕೊಂಡಿದ್ದಾಳೆ. ನಾನು ಸಹಿ ಹಾಕಿದ್ದೇನೆ.

ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದೆ. ನಿಮಗಾಗಿ ಇಲ್ಲಿ ನಾನೇ ಅನುವಾದ ಮಾಡುತ್ತೇನೆ, ಒಂದು ಪದವನ್ನೂ ಬಿಡದೆ.

'ಮರಳಿನ ಮೇಲೆ ದೋಣಿ. ಮರದ ಹಲಗೆಯ ಮೇಲೆ ತೈಲವರ್ಣ. ಹೊಸ ಮನೆಗೆ ಉಡುಗೊರೆ. ಕಲಾವಿದರು ಆಕಾಶವನ್ನು ಅಲಗಿನ ಒಂದೇ ಎಳೆತದಲ್ಲಿ ನುಣುಪಾಗಿ ಬರೆದಿದ್ದರು. ಈಗ ಕಾಣುವ ನೇಯ್ಗೆಯ ಗುರುತು, ಚಿತ್ರವನ್ನು ಪಡೆದ ವಸುಧಾ ಅದಕ್ಕೆ ಬಟ್ಟೆ ಸುತ್ತಿ ಎರಡು ಬೇಸಿಗೆ ಗ್ಯಾರೇಜಿನಲ್ಲಿ ಇಟ್ಟದ್ದರಿಂದ ಆದದ್ದು. ಕಲಾವಿದರು ತಮ್ಮ ಕೊನೆಯ ದಿನಗಳಲ್ಲಿ ಇದರ ಫೋಟೋ ನೋಡಿ, ಇದು ನಾನು ಮಾಡಿದ ಆಕಾಶವಲ್ಲ ಎಂದು ಸರಿಯಾಗಿ ಗುರುತಿಸಿದ್ದರು.'

ಮೇಷ್ಟ್ರೇ, ನಿಮ್ಮ ನೆನಪಿಗೆ ಏನೂ ಆಗಿರಲಿಲ್ಲ.

ವಸುಧಾ